ಪದ ಪರಿಚಯ: ಫ್ಲಿಟ್

‘ಫ್ಲಿಟ್’ ಎಂದೊಡನೆ ಹಿರಿಯ ವಾಚಕರಿಗೆ ಸೊಳ್ಳೆಗೆ ಹೊಡೆಯುತ್ತಿದ್ದ ಔಷಧಿ ನೆನಪಾದೀತು. ಇಂಗ್ಲಿಷ್ ಬಲ್ಲವರಿಗೆ ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿ ಕಂಡೀತು. ಆದರೆ ಸ್ಕಾಟ್ಲೆಂಡಿನವರು ‘ಬರುವ ವಾರ ನಮ್ಮ ಫ್ಲಿಟ್’ ಎಂದರೆ, ಪಾತ್ರೆ ಪಡಗ, ಹಾಸಿಗೆ ಹೊದಿಕೆ ಕಟ್ಟಿಕೊಂಡು ಮನೆ ಬದಲಾಯಿಸುತ್ತಾರೆಂದು ಅರ್ಥ! ಬಾಡಿಗೆ ತೆರದೆ ರಾತ್ರೋರಾತ್ರಿ ಬಿಡಾರ ಕಿತ್ತರೆ ಅದು ‘ಮೂನ್‌ಲೈಟ್ ಫ್ಲಿಟ್’.

ಇದನ್ನು ಕೆಟ್ಟ ಇಂಗ್ಲಿಷೆಂದು ನಗುವಂತಿಲ್ಲ. ಇದರ ಮೂಲ ಹಳೆಯ ನಾರ್ಸ್ ಭಾಷೆ. ಒಯ್ಯು, ಸಾಗಿಸು ಎಂಬುದೇ ಅಲ್ಲಿನ ಅರ್ಥ. ಸ್ವೀಡನ್ನಿನಲ್ಲಿ ಇಂದಿಗೂ ಮನೆ ಬದಲಿಸುವುದಕ್ಕೆ ‘ಫ್ಲಿಟ್ಟ’ ಎನ್ನುತ್ತಾರೆ. ಹಕ್ಕಿಯ ಹಾರಾಟ ಆಮೇಲೆ ಹುಟ್ಟಿದ ಅರ್ಥ. ಹಳತನ್ನು ಉಳಿಸಿಕೊಂಡದ್ದು ಸ್ಕಾಟರ ಆಡುಮಾತೇ.

ಜಾನ್ ಜೇಮಿಸನ್ 1808ರಲ್ಲೇ ಈ ನುಡಿಗೆ ನಿಘಂಟು ಮಾಡಿಕೊಟ್ಟರು. ಆದರೂ ಶಾಲೆಗಳಲ್ಲಿ ಇದನ್ನಾಡಿದ ಮಕ್ಕಳನ್ನು ಬಹುಕಾಲ ಗದರಿಸಿ ತಿದ್ದುತ್ತಿದ್ದರು. ಅಷ್ಟಾಗಿಯೂ 2011ರ ಜನಗಣತಿಯಲ್ಲಿ 15 ಲಕ್ಷಕ್ಕೂ ಹೆಚ್ಚು ಮಂದಿ ತಾವು ಸ್ಕಾಟ್ಸ್ ಆಡಬಲ್ಲೆವೆಂದು ಬರೆಸಿದರು.

ಊರು ಬಿಟ್ಟು ಬಿಡಾರ ಹೂಡಿದ ನಮ್ಮ ಮನೆಗಳಲ್ಲಿಯೂ ಧಾರವಾಡದ್ದೋ ಮಂಗಳೂರಿನದ್ದೋ ಮಾತೊಂದು ಅಜ್ಜಿಯ ಬಾಯಲ್ಲಿ ಉಳಿದಿರುತ್ತದೆ. ಮಕ್ಕಳು ಅದನ್ನಾಡಿದಾಗ ‘ತಪ್ಪು’ ಎನ್ನುವ ಮುನ್ನ ಅದರ ಹುಟ್ಟೂರನ್ನು ವಿಚಾರಿಸೋಣ. ಸಾಮಾನಿನೊಡನೆ ಮಾತೂ ಬರಲಿ.