ಸೂಜಿಯ ಕಸುಬು, ಮನದ ಕಲೆ

ಕಲೆ ಬೇರೆ, ಕಸುಬು ಬೇರೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಚಿತ್ರ ಬರೆದವರು ಕಲಾವಿದರು. ಸೀರೆಯ ಸೆರಗಿಗೆ ಕಸೂತಿ ಹಾಕಿದ ತಾಯಿಯದು ಮಾತ್ರ ಹೊತ್ತು ಕಳೆಯುವ ಕೆಲಸ! ಎಷ್ಟೋ ವೇಳೆ ಆ ತಾಯಿಯೂ ಹಾಗೆಯೇ ಹೇಳಿಕೊಳ್ಳುವುದುಂಟು. ಈ ಭಾವನೆ ಎಷ್ಟರಮಟ್ಟಿಗೆ ಸರಿ?

ಧಾರವಾಡ ಸೀಮೆಯ ಕಸೂತಿಯನ್ನೇ ನೋಡೋಣ. ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ 4 ಹೊಲಿಗೆಗಳೇ ಅದರ ಬಂಡವಾಳ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ರೂಢಿಯಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗಾವಂತಿಯಲ್ಲಿ ಹೋಗುವಾಗ ಬಿಟ್ಟ ತೆರಪನ್ನು ಮರಳಿ ಬರುವಾಗ ತುಂಬಬೇಕು. ಆಗ ಬಟ್ಟೆಯ ಒಳಮಗ್ಗುಲೂ ಹೊರಮಗ್ಗುಲೂ ಒಂದೇ ಆಗಿ ಕಾಣುತ್ತವೆ. ಒಂದು ಎಳೆ ತಪ್ಪಿದರೂ ಗೋಪುರ ಓರೆಯಾಗುತ್ತದೆ. ಇದಿಷ್ಟೂ ಕಸುಬು. ಇದನ್ನು ಎಣಿಸಬಹುದು, ಕಲಿಸಬಹುದು, ತಪ್ಪಿದ್ದರೆ ತಿದ್ದಬಹುದು.

ಆದರೆ ಸೆರಗಿನಲ್ಲಿ ತೇರು ಬರಬೇಕೋ ಆನೆ ಬರಬೇಕೋ, ಎಷ್ಟು ತುಂಬಬೇಕು, ಎಷ್ಟನ್ನು ಬರಿದಾಗಿ ಬಿಡಬೇಕು, ಮಗಳ ಕಪ್ಪು ಚಂದ್ರಕಾಳಿ ಸೀರೆಗೆ ಯಾವ ಬಣ್ಣ ಒಪ್ಪೀತು ಎಂಬುದನ್ನು ಯಾವ ಹೊಲಿಗೆಯೂ ಹೇಳಿಕೊಡಲಾರದು. ಅದನ್ನು ಮಾಡುವವಳ ಮನಸ್ಸೇ ನಿರ್ಣಯಿಸಬೇಕು. ಕಲೆ ಹುಟ್ಟುವುದು ಅಲ್ಲಿ.

ಹಾಗೆಂದು ಕಲೆ ಮೇಲು, ಕಸುಬು ಕೀಳು ಎನ್ನಲಾಗದು. 12ನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ತಾನು ತಿರುಗಿಸುವ ರಾಟೆಯ ಭಾಗಗಳಲ್ಲಿಯೇ ದೈವವನ್ನು ಕಂಡು ವಚನ ನುಡಿದಳು. ಆ ನುಡಿಗಾಗಿ ಆಕೆ ರಾಟೆಯನ್ನು ಬದಿಗಿಡಲಿಲ್ಲ. ರಾಟೆಯ ಒಡನಾಟವೇ ಆ ನುಡಿಗೆ ಆಧಾರವಾಯಿತು. ಕೈ ಪಳಗದೆ ಭಾವಕ್ಕೆ ರೂಪ ಬಾರದು. ಭಾವವಿಲ್ಲದೆ ಪಳಗಿದ ಕೈ ಮಾಡಿದ್ದನ್ನೇ ಮಾಡುತ್ತ ಕೂಡುವುದು. ಕಾಯಕ ತತ್ತ್ವವು ಇವೆರಡನ್ನೂ ಒಂದೇ ಪೀಠದಲ್ಲಿ ಕೂರಿಸಿತು.

ಇಂದು ಯಂತ್ರವೂ ಕಸೂತಿಯ ನಮೂನೆಗಳನ್ನು ಬೇಗನೆ ಹಾಕಿಕೊಡುತ್ತದೆ. ಅಗ್ಗವೆಂದು ಕೊಳ್ಳುವವರನ್ನು ದೂಷಿಸಬೇಕಾಗಿಲ್ಲ. ಆದರೆ ಯಾರಿಗಾಗಿ, ಏಕೆ, ಎಷ್ಟು ಎಂಬ ವಿವೇಕ ಯಂತ್ರಕ್ಕಿಲ್ಲ. ಅಜ್ಜಿಯ ಬಳಿ ಕುಳಿತು ಕಲಿಯುವ ಮೊಮ್ಮಗಳು ಇಲ್ಲದ ಮನೆಯಲ್ಲಿ, ಆ ವಿವೇಕವೂ ಆ ಕೈಚಳಕವೂ ಒಂದೇ ತಲೆಮಾರಿನಲ್ಲಿ ಮರೆಯಾಗಬಹುದು.

ಆದುದರಿಂದ ಮನೆಯ ಹೆಣ್ಣುಮಗಳು ಸೂಜಿ ಹಿಡಿದಾಗ ‘ಇದರಿಂದೇನು ಬಂತು?’ ಎಂದು ಕೇಳದಿರೋಣ. ಬಟ್ಟೆಯನ್ನು ಮಗುಚಿ ನೋಡೋಣ. ಒಳಮಗ್ಗುಲು ಶುದ್ಧವಾಗಿದ್ದರೆ ಮನಸಾರೆ ಮೆಚ್ಚೋಣ. ತಪ್ಪಿದ್ದರೆ ಪಕ್ಕದಲ್ಲಿ ಕುಳಿತು ತಿದ್ದೋಣ. ಯಾರೂ ನೋಡದ ಮಗ್ಗುಲನ್ನೂ ಚೊಕ್ಕವಾಗಿಡುವ ಅಭ್ಯಾಸ ಬಟ್ಟೆಯಲ್ಲಿ ಮೊದಲಾಗಿ ಬಾಳಿಗೂ ಬರಲಿ.