ಗೃಹೋಪಯೋಗಿ ವಿಚಾರ: ಡ್ರೋನು ತೆಗೆದ ಚಿತ್ರವು ತೆರೆಯದಿದ್ದರೆ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಕಟ್ಟಲ್ಪಟ್ಟ ವಾಣೀವಿಲಾಸಸಾಗರವು 1933ರಲ್ಲಿ ಭರ್ತಿಯಾದ ಬಳಿಕ, ಮತ್ತೆ ಕೋಡಿ ಹರಿದುದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷಗಳು ಸಂದುಹೋಗಿದ್ದುವು. ಅಜ್ಜಂದಿರು ದಂಡೆಯಲ್ಲಿ ನಿಂತು ಕಂಡುದನ್ನು ಮೊಮ್ಮಕ್ಕಳು ಡ್ರೋನಿನ ದಯದಿಂದ ಆಕಾಶದಿಂದಲೂ ಕಂಡರು. 2025ರ ಜನವರಿಯಲ್ಲಿ ಕೋಡಿ ಪುನಃ ಹರಿಯಿತು, ನಿಜ. ಆದರೆ ಎಲ್ಲ ಸಂದರ್ಭಗಳಿಗೂ ಇಂಥ ಎರಡನೆಯ ಅವಕಾಶವು ದೊರೆಯುವುದಿಲ್ಲ. ಹೊಳಲ್ಕೆರೆಯ ಅಡಕೆತೋಟದ ಮಗ್ಗುಲಲ್ಲಿ ಹಾಕಿದ ಮದುವೆಯ ಚಪ್ಪರವನ್ನು ಮೇಲಿನಿಂದ ಚಿತ್ರಿಸಿ, ರಾತ್ರಿ ಬಂಧುಗಳೆಲ್ಲ ಕೂಡಿ ನೋಡಹೊರಟಾಗ ಫೈಲು ತೆರೆಯದೆಹೋದರೆ, ಆ ಮುಹೂರ್ತವನ್ನು ಮರಳಿ ತರುವವರಾರು?

ಇಂಥ ಸಮಯದಲ್ಲಿ ಮೊದಲು ತಿಳಿಯತಕ್ಕದ್ದೇನೆಂದರೆ, ಚಿತ್ರವು ಅನೇಕವೇಳೆ ನಾಶವಾಗಿರುವುದಿಲ್ಲ. ಎಂಪಿ4, ಎಂಒವಿ ಎಂಬ ಬಗೆಯ ಫೈಲುಗಳನ್ನು ಒಂದು ಗ್ರಂಥಕ್ಕೆ ಹೋಲಿಸಬಹುದು. ಹಾರಾಟದುದ್ದಕ್ಕೂ ಪುಟಗಳು ಬರೆಯಲ್ಪಡುತ್ತಿರುತ್ತವೆ. ಯಾವ ಪುಟವು ಎಲ್ಲಿರುವುದೆಂದು ತಿಳಿಸುವ ಪರಿವಿಡಿಯನ್ನು ಮಾತ್ರ ಯಂತ್ರವು ಸಾಮಾನ್ಯವಾಗಿ ಚಿತ್ರಣವನ್ನು ನಿಲ್ಲಿಸಿದ ಮೇಲೆ ಬರೆಯುತ್ತದೆ. ಅದಕ್ಕೆ ಮುಂಚೆಯೇ ವಿದ್ಯುತ್ತು ಕಡಿದುಹೋದರೆ ಪುಟಗಳೆಲ್ಲ ಇದ್ದರೂ ಓದುವುದಕ್ಕೆ ದಾರಿಯಿಲ್ಲ. ಜೋಗಿಮಟ್ಟಿಯ ಕಡೆ ಗಾಳಿಯ ಬಲವೆಷ್ಟೆಂದು ಚಿತ್ರದುರ್ಗದವರಿಗೆ ಹೇಳಬೇಕಾದುದಿಲ್ಲ. ಹೋಗುವಾಗ ಗಾಳಿಯೊಡನೆ ಸುಖವಾಗಿ ಹೋದ ಡ್ರೋನು, ಬರುವಾಗ ಎದುರುಗಾಳಿಯಲ್ಲಿ ಬ್ಯಾಟರಿಯನ್ನು ಮುಗಿಸಿಕೊಂಡು ಬಂಡೆಯ ಮೇಲೆ ಬಿದ್ದು, ಬ್ಯಾಟರಿಯು ಕಳಚಿಕೊಂಡಿತೆಂದರೆ ಪರಿವಿಡಿಯ ಕತೆ ಮುಗಿದಂತೆಯೆ.

ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಹಾನಿಯು ಆಕಾಶದಲ್ಲಲ್ಲ, ಆಮೇಲೆ ಮನೆಯಲ್ಲಿ ಆಗುತ್ತದೆ. ಕಂಪ್ಯೂಟರು ‘ಕಾರ್ಡನ್ನು ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುವುದು. ಗಾಬರಿಯಲ್ಲಿ ನಾವು ‘ಹೂಂ’ ಎನ್ನುವೆವು. ಅಥವಾ ಅದೇ ಕಾರ್ಡಿನಲ್ಲಿ ಮರುದಿನದ ಬೀಗರೂಟವನ್ನು ಚಿತ್ರಿಸುವೆವು. ಹೊಸ ಬರಹವು ಹಳೆಯದರ ಮೇಲೆ ಕೂತರೆ ಅದನ್ನು ಯಾರೂ ಎಬ್ಬಿಸಲಾರರು. ಆದುದರಿಂದ ಕಾರ್ಡನ್ನು ಕೂಡಲೆ ತೆಗೆದಿಟ್ಟು, ಬಲ್ಲವರಿಂದ ಅದರ ಪೂರ್ಣ ನಕಲನ್ನು ಕಂಪ್ಯೂಟರಿನಲ್ಲಿ ಮಾಡಿಸತಕ್ಕದ್ದು.

ಆಮೇಲೆ ಕಾರ್ಡನ್ನು ಅದೇ ಡ್ರೋನಿಗೆ ಹಾಕಿ, ತುಂಬಿದ ಬ್ಯಾಟರಿಯೊಡನೆ ಸ್ವಿಚ್ಚು ಹಾಕಿ, ಹಾರಿಸದೆ ಕೆಲವು ನಿಮಿಷ ಸುಮ್ಮನಿರಬೇಕು. ಡಿಜೆಐ ಕಂಪೆನಿಯ ಹಲವು ಡ್ರೋನುಗಳು ಅರ್ಧಕ್ಕೆ ನಿಂತ ಫೈಲನ್ನು ತಾವೇ ಸರಿಪಡಿಸಲು ಯತ್ನಿಸುತ್ತವೆ. ಅದು ಫಲಿಸದಿದ್ದರೆ ‘ಅನ್‌ಟ್ರಂಕ್’ ಎಂಬ ಉಚಿತ ತಂತ್ರಾಂಶವುಂಟು. ಅದೇ ಡ್ರೋನಿನಲ್ಲಿ, ಅದೇ ಏರ್ಪಾಟಿನಲ್ಲಿ ತೆಗೆದ ಸುಸ್ಥಿತಿಯ ಫೈಲೊಂದನ್ನು ಜೊತೆಗೆ ಕೊಟ್ಟರೆ, ಅದರ ಮಾದರಿಯನ್ನು ನೋಡಿ ಕೆಟ್ಟುದಕ್ಕೆ ಹೊಸ ಪರಿವಿಡಿಯನ್ನು ಕಟ್ಟಿಕೊಡುವುದು. ಹಳೆಯದು ಇಲ್ಲದಿದ್ದರೆ ಬೇರೆ ಕಾರ್ಡಿನಲ್ಲಿ ಒಂದು ನಿಮಿಷ ಚಿತ್ರಿಸಿದರಾಯಿತು. ಅಳಿಸಿಹೋದ ಫೈಲನ್ನು ಹುಡುಕಲು ‘ಫೋಟೊರೆಕ್’ ಉಂಟಾದರೂ, ದೊಡ್ಡ ಚಿತ್ರಗಳು ಕಾರ್ಡಿನಲ್ಲಿ ಚದರಿಹೋಗಿದ್ದರೆ ಅದರ ಆಟವೂ ನಡೆಯದು. ಯಾವುದೂ ಸಾಗದಾಗ ಹಾರಿಸಿದವರ ಫೋನನ್ನು ನೋಡಿರಿ. ಅಲ್ಲಿ ಮಸುಕಾದ ಪ್ರತಿಯೊಂದು ಉಳಿದಿರುವುದುಂಟು.

ಮುಂಜಾಗ್ರತೆಯು ಇದಕ್ಕಿಂತ ಸುಲಭ. ಇಳಿಸುವ ಮುನ್ನವೇ ಚಿತ್ರಣವನ್ನು ನಿಲ್ಲಿಸಿ, ಇಳಿದ ಮೇಲೆ ಕೆಲವು ಕ್ಷಣ ತಾಳಿ ಸ್ವಿಚ್ಚು ತೆಗೆಯಬೇಕು. ಚಿತ್ರದುರ್ಗದ ಕೋಟೆಯು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅಲ್ಲಿ ಹಾರಿಸಲು ಅಪ್ಪಣೆ ಬೇಕು. ಅಪ್ಪಣೆಯಿಲ್ಲದೆ ಹಾರಿಸಿ, ಕಾವಲುಗಾರನನ್ನು ಕಂಡೊಡನೆ ಬ್ಯಾಟರಿ ಕೀಳುವವರ ಫೈಲು ಕೆಟ್ಟರೆ ನಮಗೆ ಮರುಕವಿಲ್ಲ. ಅರ್ಧ ಗಂಟೆಯ ಒಂದೇ ಚಿತ್ರಕ್ಕಿಂತ ಮೂರು ನಾಲ್ಕು ನಿಮಿಷದ ಹಲವು ತುಣುಕುಗಳು ಮೇಲು. ಕೆಟ್ಟರೆ ಕೆಡುವುದು ಒಂದೇ. ಕಾರ್ಡು ವಿ30 ಗುರುತಿನದಾಗಿರಲಿ, ನಂಬಿಕೆಯ ಅಂಗಡಿಯದಾಗಿರಲಿ. ಅಗ್ಗದ ನಕಲಿ ಕಾರ್ಡುಗಳು ಮೇಲೆ ಬರೆದಷ್ಟು ಹಿಡಿಸುವುದಿಲ್ಲ. ಹೆಚ್ಚಾದುದನ್ನು ಸದ್ದಿಲ್ಲದೆ ನುಂಗುತ್ತವೆ. ಫಾರ್ಮ್ಯಾಟ್ ಮಾಡುವುದಾದರೆ ಡ್ರೋನಿನಲ್ಲಿಯೇ ಮಾಡುವುದು ಯುಕ್ತ, ಅದೂ ಎರಡು ಪ್ರತಿಗಳನ್ನು ತೆಗೆದು, ಎರಡನ್ನೂ ತೆರೆದು ನೋಡಿದ ಮೇಲೆ. ಒಂದು ಪ್ರತಿಯು ಹೊಸದುರ್ಗದ ಮನೆಯಲ್ಲಿದ್ದರೆ, ಇನ್ನೊಂದು ಹಿರಿಯೂರಿನ ಬೀಗರ ಮನೆಯಲ್ಲಿರಲಿ.