ಅಜ್ಜಿಯ ಪೆಟ್ಟಿಗೆಯ ನಾಣ್ಯ: ತೂಕ ಬೇರೆ, ಬೆಲೆ ಬೇರೆ

ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಹಳೆಯ ಒಕ್ಕಲು ಮನೆಗಳಲ್ಲಿ ವಿಕ್ಟೋರಿಯಾ ರಾಣಿಯ ಮುಖವಿರುವ ಬೆಳ್ಳಿ ರೂಪಾಯಿ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. 1887ರಿಂದ 1895ರವರೆಗೆ ಪೆರಿಯಾರ್ ಅಣೆಕಟ್ಟು ನಿರ್ಮಾಣವಾಗಿ, ಅದರ ನೀರು ಗೂಡಲೂರಿನ ಕಡೆಗೆ ಇಳಿದ ಕಾಲದಲ್ಲಿ ಚಲಾವಣೆಯಲ್ಲಿದ್ದುದು ಅದೇ ರೂಪಾಯಿ. ಇಂಥ ನಾಣ್ಯ ಕೈಗೆ ಬಂದಾಗ ಕೆಲವರು ಅದನ್ನು ನೇರವಾಗಿ ಅಕ್ಕಸಾಲಿಗನ ತಕ್ಕಡಿಗೆ ಹಾಕುತ್ತಾರೆ; ಕೆಲವರು ಲಕ್ಷಗಟ್ಟಲೆ ಬರುತ್ತದೆಂಬ ಮಾತನ್ನು ನಂಬಿ ಮೋಸಹೋಗುತ್ತಾರೆ. ಎರಡೂ ನಷ್ಟವೇ.

ಮೊದಲನೆಯದು ಲೋಹದ ಬೆಲೆ. ಆ ರೂಪಾಯಿಯ ತೂಕ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರದು ಬರಿಯ ನಿಕ್ಕಲ್. ಆದುದರಿಂದ ಇಸವಿಯನ್ನು ಓದದೆ ತೂಗಿಸಬಾರದು.

ಎರಡನೆಯದು ಸಂಗ್ರಾಹಕರು ಕೊಡುವ ಬೆಲೆ. ಇದಕ್ಕೆ ವಯಸ್ಸೊಂದೇ ಆಧಾರವಲ್ಲ. 1862 ಎಂಬ ಇಸವಿಯುಳ್ಳ ರೂಪಾಯಿಗಳು ಅದೇ ಇಸವಿಯಿಂದ ಮುಂದೆಯೂ ಹಲವು ವರ್ಷ ಅಚ್ಚಾದವು. ಹಾಗಾಗಿ ಇಂದಿಗೂ ಹೇರಳವಾಗಿವೆ. 1911ರ ಐದನೆಯ ಜಾರ್ಜ್ ರೂಪಾಯಿ ಅದಕ್ಕಿಂತ ಕಿರಿಯದು. ದೊರೆಯ ನಿಲುವಂಗಿಯ ಮೇಲಿದ್ದ ಆನೆಯ ಚಿತ್ರ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ಅವುಗಳಲ್ಲಿ ಬಹುಪಾಲನ್ನು ಸರಕಾರ ಕರಗಿಸಿತು. ಉಳಿದವಕ್ಕೆ ಬೇಡಿಕೆ ಹೆಚ್ಚು.

ಅನಂತರ ನೋಡಬೇಕಾದುದು ಸವೆತ. ರಾಣಿಯ ಹುಬ್ಬು, ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟ ಇವು ನಾಣ್ಯದ ಎತ್ತರದ ಭಾಗಗಳು. ಮೊದಲು ಸವೆಯುವುವೂ ಇವೇ. ಕೂದಲಿನ ಎಳೆಗಳು ಬಿಡಿಬಿಡಿಯಾಗಿ ಕಂಡರೆ ದರ್ಜೆ ಮೇಲು. ಮುಖದ ಅಂಚು ಮಾತ್ರ ಉಳಿದಿದ್ದರೆ ಬೆಲೆ ಬೆಳ್ಳಿಯ ಬೆಲೆಯ ಹತ್ತಿರಕ್ಕೆ ಇಳಿಯುತ್ತದೆ. ಹುಣಸೆಹಣ್ಣು ಅಥವಾ ಬೂದಿ ಹಾಕಿ ತಿಕ್ಕಿದರೆ ನಾಣ್ಯ ಹೊಳೆಯುತ್ತದೆ, ದರ್ಜೆ ಕುಸಿಯುತ್ತದೆ. ಕಾಸಿನ ಸರಕ್ಕಾಗಿ ಕೊಂಡಿ ಬೆಸೆದ ಬ್ರಿಟಿಷ್ ಸವರನ್‌ಗೂ ಇದೇ ಗತಿ: ಚಿನ್ನದ ಬೆಲೆ ಉಳಿಯುತ್ತದೆ, ಸಂಗ್ರಹದ ಬೆಲೆ ಬಹುಮಟ್ಟಿಗೆ ಹೋಗುತ್ತದೆ. ನಮ್ಮ ಆಭರಣದಂಗಡಿಗಳಲ್ಲಿ ಎಂಟು ಗ್ರಾಮಿಗೆ ಸವರನ್ ಎನ್ನುವ ರೂಢಿ ಬಂದದ್ದೂ ಸುಮಾರು 7.98 ಗ್ರಾಂ ತೂಗುವ ಈ ನಾಣ್ಯದಿಂದಲೇ.

ಒಂದು ಬದಿಯಲ್ಲಿ ರಾಮಪಟ್ಟಾಭಿಷೇಕ ಅಥವಾ ಹನುಮಂತ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818 ಎಂಬ ಇಸವಿ ಇರುವ ಬಿಲ್ಲೆಗಳನ್ನು ಹಲವರು ನೋಡಿರಬಹುದು. ಇವು ಕಂಪನಿ ಹೊರಡಿಸಿದ ನಾಣ್ಯಗಳಲ್ಲ. ದೇವರ ಮನೆಯಲ್ಲಿಟ್ಟು ಪೂಜಿಸಲು ಅಡ್ಡಿಯಿಲ್ಲ. ಹಣ ಕೊಟ್ಟು ಕೊಳ್ಳಬೇಡಿ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಮಾರುವವನೇ ಮೊದಲು ಹಣ ಕಟ್ಟಬೇಕೆಂದರೆ ಅದು ಮೋಸವೆಂದೇ ತಿಳಿಯಿರಿ.

ಇನ್ನು ಕಾನೂನಿನ ಮಾತು. ಹಿರಿಯರಿಂದ ಪೆಟ್ಟಿಗೆಯಲ್ಲಿ ಬಂದ ನಾಣ್ಯ ವಾರಸುದಾರರದೇ. ಹೊಲ ಅಗೆಯುವಾಗ ಅಥವಾ ಹಳೆಯ ಗೋಡೆ ಕೆಡವುವಾಗ ಸಿಕ್ಕಿದ್ದು ಬೇರೆ. 1878ರ ನಿಧಿ ಕಾಯಿದೆಯ ಪ್ರಕಾರ, ನೆಲದಲ್ಲಾಗಲಿ ನೆಲಕ್ಕೆ ಸೇರಿದ ಕಟ್ಟಡದಲ್ಲಾಗಲಿ ಅಡಗಿದ್ದ ವಸ್ತುವಿನ ಮೌಲ್ಯ ಹತ್ತು ರೂಪಾಯಿ ಮೀರಿದರೆ, ಸಿಕ್ಕವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ ಆಗಬಹುದು. ತಿಳಿಸಿದವರ ಪಾಲನ್ನು ಅದೇ ಕಾಯಿದೆ ಕಾಯುತ್ತದೆ. ನೂರು ವರ್ಷ ದಾಟಿದ ನಾಣ್ಯವು 1972ರ ಕಾಯಿದೆಯಡಿ ಪ್ರಾಚೀನ ವಸ್ತು. ವಿದೇಶದಲ್ಲಿರುವ ನಂಟರಿಗೆ ಉಡುಗೊರೆಯಾಗಿ ಕಳುಹಿಸುವುದಕ್ಕೂ ಅವಕಾಶವಿಲ್ಲ.

ಆದುದರಿಂದ ಮನೆಯಲ್ಲಿರುವ ನಾಣ್ಯಗಳ ಪಟ್ಟಿಯೊಂದನ್ನು ಮಕ್ಕಳಿಂದ ಕನ್ನಡದಲ್ಲೇ ಬರೆಯಿಸಿರಿ: ಇಸವಿ, ದೊರೆಯ ಹೆಸರು, ತೂಕ, ಸವೆತ, ಯಾರಿಂದ ಬಂತು. ಅಂಚನ್ನು ಮಾತ್ರ ಹಿಡಿದು, ಒಂದೊಂದನ್ನೂ ಬೇರೆ ಕಾಗದದ ಲಕೋಟೆಯಲ್ಲಿ ಇಡಿಸಿರಿ. ಮಾರುವ ದಿನ ಬಂದರೆ ಆ ಪಟ್ಟಿ ನಿಮ್ಮ ಸಾಕ್ಷಿ. ಮಾರದಿದ್ದರೆ ಅದು ಮನೆತನದ ಚರಿತ್ರೆ.